ನಾನು ಸಾಬೂನು ಮಾಡಿದ್ದು

ದೊಡ್ಡವರ ಆತ್ಮಕಥೆಗಳನ್ನು ಓದುವಾಗ ನನಗೊಂದು ಸಂಕಟವಾಗುತ್ತದೆ. ಅವರೆಲ್ಲರೂ ಹದಿನೈದು ಹದಿನಾರನೆಯ ವಯಸ್ಸಿಗೇ ಏನಾದರೊಂದು ಮಹತ್ಕಾರ್ಯವನ್ನು ಮಾಡಿ ಮುಗಿಸಿರುತ್ತಾರೆ. ಒಬ್ಬರು ಕವನ ಸಂಕಲನವನ್ನು ಹೊರತಂದಿರುತ್ತಾರೆ. ಇನ್ನೊಬ್ಬರು ಸೆರೆಮನೆಗೆ ಹೋಗಿ ಬಂದಿರುತ್ತಾರೆ. ಮತ್ತೊಬ್ಬರು ಮನೆಯಲ್ಲಿ ಹೇಳದೆ ಕಾಶಿಗೆ ನಡೆದುಬಿಟ್ಟಿರುತ್ತಾರೆ. ಆ ವಯಸ್ಸಿನಲ್ಲಿ ನಾನೇನು ಮಾಡಿದೆ ಎಂದು ನೆನಪಿನ ಪೆಟ್ಟಿಗೆಯನ್ನು ತಡಕಿದರೆ ಕೈಗೆ ಸಿಕ್ಕುವ ವಸ್ತು ಒಂದೇ. ಅದು ಬಟ್ಟೆ ಒಗೆಯುವ ಸಾಬೂನು. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಆಜ್ಞೆ ಮಾಡಿರುವುದರಿಂದ, ಬೇರೆ ಬಂಡವಾಳವಿಲ್ಲದ ನಾನು ಆ ಸಾಬೂನನ್ನೇ ತಮ್ಮ ಮುಂದಿಡುತ್ತಿದ್ದೇನೆ. ನೊರೆ ಬಾರದಿದ್ದರೆ ವಾಚಕರು ಕ್ಷಮಿಸಬೇಕು.

ನಮ್ಮೂರು ತಿಪಟೂರಿನ ಕಡೆಯದು. ತೆಂಗಿನ ಸೀಮೆ. ನಮ್ಮಪ್ಪ ಕೆಲಸ ಮಾಡುವುದು ಒಂದು ಎಣ್ಣೆ ಗಿರಣಿಯಲ್ಲಿ. ಅಲ್ಲಿಗೆ ಬರುವುದು ಹೆಚ್ಚಾಗಿ ಕೊಬ್ಬರಿ. ಕಾಲಕ್ಕೆ ತಕ್ಕಂತೆ ಹೊಂಗೆ, ಬೇವು, ಹಿಪ್ಪೆಯ ಬೀಜಗಳೂ ಬರುವುದುಂಟು. ಎಣ್ಣೆ ಗಿರಣಿಯಲ್ಲಿ ದುಡಿಯುವವರ ಅಂಗಿಯನ್ನು ಒಮ್ಮೆ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅದು ಗೂಟಕ್ಕೆ ಹಾಕದಿದ್ದರೂ ತಾನಾಗಿ ನಿಲ್ಲಬಲ್ಲದು. ಅಮ್ಮನ ಆಯುಷ್ಯದ ದೊಡ್ಡ ಭಾಗವೊಂದು ಆ ಅಂಗಿಗಳ ಜೊತೆ ಒಗೆಯುವ ಕಲ್ಲಿನ ಮೇಲೆ ನಡೆಸಿದ ಯುದ್ಧದಲ್ಲಿ ಕಳೆದಿದೆ. ಬೇರೆ ಮನೆಗಳಲ್ಲಿ ತಿಂಗಳಿಗೆ ನಾಲ್ಕು ಬಿಲ್ಲೆ ಸೋಪು ಸಾಕಾದರೆ ನಮ್ಮ ಮನೆಗೆ ಹತ್ತು ಬೇಕು. ಜೀನಸಿನ ಅಂಗಡಿಯ ಚೀಟಿಯಲ್ಲಿ ಅಕ್ಕಿ, ಬೇಳೆಗಳ ನಂತರದ ಸ್ಥಾನ ನಮ್ಮಲ್ಲಿ ಸೋಪಿಗೇ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದು ಎಲ್ಲರಿಗೂ ನೆನಪಿರುತ್ತದೆ. ಅಪ್ಪನ ಗಿರಣಿಯೂ ನಿಂತಿತು. ನಾನು ಆಗ ಒಂಬತ್ತನೆಯ ತರಗತಿಯನ್ನು ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಏಪ್ರಿಲ್ ತಿಂಗಳ ಸಂಬಳ ಬರಲಿಲ್ಲ. ಗಿರಣಿಯ ಯಜಮಾನರ ಕೈಯೂ ಆಗ ಖಾಲಿ. ಅವರು ಅಪ್ಪನನ್ನು ಕರೆದು, ಪೀಪಾಯಿಗಳ ತಳದಲ್ಲಿ ಗಸಿ ಕೂತು ಮಾರಾಟಕ್ಕೆ ಬಾರದೆ ಉಳಿದಿದ್ದ ಎಣ್ಣೆಯನ್ನು ಎರಡು ಡಬ್ಬಗಳಿಗೆ ತುಂಬಿಸಿ ಕೊಟ್ಟರು. ಒಂದರಲ್ಲಿ ಕಮಟು ಹಿಡಿದ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಹೊಂಗೆ ಎಣ್ಣೆ. ಅಪ್ಪ ಅವೆರಡನ್ನೂ ಸೈಕಲ್ಲಿನ ಮೇಲೆ ತಂದು ಪಡಸಾಲೆಯಲ್ಲಿಟ್ಟು ಏನೂ ಮಾತಾಡದೆ ಕುಳಿತರು. ಒಂದು ತಿಂಗಳ ದುಡಿಮೆ ಎರಡು ಡಬ್ಬಗಳ ರೂಪದಲ್ಲಿ ಮನೆಗೆ ಬಂದಿತ್ತು. ಅದನ್ನು ಉಣ್ಣುವಂತಿಲ್ಲ, ಉಡುವಂತಿಲ್ಲ.

"ಅಡುಗೆಗೆ ಬರಲ್ಲ, ದೀಪಕ್ಕೆ ಇಷ್ಟು ಬೇಕಾಗಲ್ಲ. ಸೋಪಾದ್ರೂ ಕೊಟ್ಟಿದ್ರೆ ಆಗ್ತಿತ್ತು" ಎಂದಳು ಅಮ್ಮ.

ನಮ್ಮಜ್ಜಿ ಮೂಲೆಯಿಂದಲೇ ನಕ್ಕಳು. "ಸೋಪಂತೆ ಸೋಪು! ನಾನು ಈ ಮನೆಗೆ ಬಂದಾಗ ಸೋಪು ಎಲ್ಲಿತ್ತೇ?" ಎಂದು ಆರಂಭಿಸಿ ತನ್ನ ಕಾಲದ ಪುರಾಣವನ್ನು ಬಿಚ್ಚಿದಳು. ಅವರು ತಳದಲ್ಲಿ ತೂತಿರುವ ಗಡಿಗೆಗೆ ಹುಲ್ಲು ಹಾಸಿ, ಅದರ ಮೇಲೆ ಒಲೆಯ ಬೂದಿ ತುಂಬಿ, ನೀರು ಹೊಯ್ದು, ಕೆಳಗೆ ತೊಟ್ಟಿಕ್ಕುವ ತಿಳಿಯಲ್ಲಿ ಬಟ್ಟೆ ನೆನೆಹಾಕುತ್ತಿದ್ದರಂತೆ. ಮಡಿವಾಳರು ಕೆರೆಯಂಗಳದ ಚೌಳು ಮಣ್ಣನ್ನು ಕದಡಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರಂತೆ. ರೇಷ್ಮೆಗೆ ಅಂಟವಾಳದ ಕಾಯಿ, ತಲೆಗೆ ಸೀಗೆಕಾಯಿ. ಅಜ್ಜಿಯ ಮಾತಿನಲ್ಲಿ ಎಷ್ಟೊಂದು ವಿಜ್ಞಾನವಿತ್ತೆಂಬುದು ನನಗೆ ತಿಳಿದದ್ದು ಬಹಳ ಈಚೆಗೆ. ಬೂದಿಯಲ್ಲೂ ಚೌಳಿನಲ್ಲೂ ಇರುವುದು ಕ್ಷಾರ. ಬಟ್ಟೆಯ ಜಿಡ್ಡಿಗೆ ಕ್ಷಾರ ತಾಗಿದಾಗ ಅಷ್ಟಿಷ್ಟು ಸಾಬೂನು ಬಟ್ಟೆಯ ಮೇಲೆಯೇ ಹುಟ್ಟುತ್ತದೆ. ಆದರೆ ಆಗ ನಾನು ಅಜ್ಜಿಯ ಮಾತನ್ನು ಕೇಳಿಸಿಕೊಂಡದ್ದು ಅರ್ಧ ಕಿವಿಯಲ್ಲಿ. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ಆಗಲೇ ನನ್ನ ಕೈಗೆ ಬಂದಿತ್ತು. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಸಾಬೂನು ಮಾಡುವ ಪ್ರಯೋಗವನ್ನು ಅದರಲ್ಲಿ ಕಂಡಿದ್ದೆ. ಮನೆಯಲ್ಲಿ ಎರಡು ಡಬ್ಬ ಎಣ್ಣೆಯಿದೆ, ಸೋಪಿಲ್ಲ. ವಿಧಿ ನನ್ನ ಹೆಸರು ಹಿಡಿದು ಕೂಗಿದಂತಾಯಿತು.

ಪುಸ್ತಕದಲ್ಲಿದ್ದುದು ಬೀಕರಿನಲ್ಲಿ ಒಂದೆರಡು ಚಮಚ ಎಣ್ಣೆಯ ಪ್ರಯೋಗ. ಸಂಸಾರಕ್ಕೆ ಸಾಕಾಗುವ ಲೆಕ್ಕ ಬೇಕಲ್ಲ? ಅಪ್ಪನ ಗಿರಣಿಯಲ್ಲಿ ಹಿಂದೆ ಸಾಬೂನು ಮಾಡುವವರ ಬಳಿ ದುಡಿದ ಹಿರಿಯರೊಬ್ಬರಿದ್ದರು. ಅವರು ಫೋನಿನಲ್ಲಿ, "ಕಿಲೋ ಕೊಬ್ಬರಿ ಎಣ್ಣೆಗೆ ನೂರೆಪ್ಪತ್ತೈದು ಗ್ರಾಂ ಕಾಸ್ಟಿಕ್ಕು, ನಾನೂರು ಗ್ರಾಂ ನೀರು. ಒಂದು ಗ್ರಾಮೂ ಅಂದಾಜು ಮಾಡಬೇಡ, ತೂಗಿ ಹಾಕು" ಎಂದರು. ಆ ಮಾತನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವಾಗ "ಕೊಬ್ಬರಿ" ಎಂಬ ಶಬ್ದವನ್ನು ಬಿಟ್ಟೆ. "1 ಕಿಲೋ ಎಣ್ಣೆ, 175 ಗ್ರಾಂ" ಎಂದಷ್ಟೇ ಬರೆದೆ. ನನ್ನ ಕಥೆಯೆಲ್ಲ ಈ ಬಿಟ್ಟುಹೋದ ಒಂದು ಶಬ್ದದ ಕಥೆಯೇ ಎಂದು ವಾಚಕರಿಗೆ ಈಗಲೇ ತಿಳಿಸಿಬಿಡುತ್ತೇನೆ.

ಮೇ ತಿಂಗಳಲ್ಲಿ ಅಂಗಡಿಗಳು ತೆರೆದಾಗ, ಫಿನಾಯಿಲಿನ ಸಾಮಾನು ಮಾರುವ ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದೆ. ಬೆಳ್ಳಗೆ ಚಕ್ಕೆಚಕ್ಕೆಯಾಗಿ ಕಲ್ಲುಸಕ್ಕರೆಯ ಚೂರಿನಂತೆ ಮುಗ್ಧವಾಗಿ ಕಾಣುತ್ತಿತ್ತು. ಅಪ್ಪ ಗಿರಣಿಯಿಂದ ಸಣ್ಣ ತಕ್ಕಡಿಯೊಂದನ್ನು ತಂದುಕೊಟ್ಟರು. ಹಿತ್ತಲಲ್ಲಿ ಯಜ್ಞ ಆರಂಭವಾಯಿತು. ಮೊದಲ ವಿಘ್ನಕ್ಕೆ ತಡವಾಗಲಿಲ್ಲ. ನಾನು ಅಮ್ಮನ ಸಿಲವಾರದ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೆ ಸೋಡಾ ಹಾಕಿದೆ. ಪಾತ್ರೆಯೇ ಬುಸುಗುಟ್ಟತೊಡಗಿತು! ನೊರೆಯುಕ್ಕಿ, ಆವಿಯೆದ್ದು, ಒಳಮೈ ಕರ್ರಗಾಯಿತು. ಸಿಲವಾರವೆಂದು ನಾವು ಕರೆಯುವ ಅಲ್ಯೂಮಿನಿಯಮನ್ನು ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ. ಆಗ ಹೊರಡುವುದು ಬೆಂಕಿ ಹೊತ್ತುವ ಜಲಜನಕದ ಅನಿಲ. ಪುಣ್ಯಕ್ಕೆ ಒಲೆ ದೂರವಿತ್ತು. ಅಮ್ಮ ತವರಿನಿಂದ ತಂದಿದ್ದ ಪಾತ್ರೆ ಅದು. ಅವಳು ಅದನ್ನೊಮ್ಮೆ ತಿರುಗಿಸಿ ನೋಡಿ, "ಹೋಗ್ಲಿ, ಸ್ಟೀಲಿನದ್ದು ತಗೋ" ಎಂದಳು.

ಎರಡನೆಯ ಸಲ ಜಾಗ್ರತೆಯಿಂದ ಮಾಡಿದೆ. ಸೋಡಾದ ಮೇಲೆ ನೀರು ಹೊಯ್ಯಬಾರದು, ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಬೆಂಕಿಯಿಲ್ಲದೆಯೇ ನೀರು ಕುದಿಯಲು ಹೊರಟಂತೆ ಬಿಸಿಯಾಗುತ್ತದೆ. ಅದರ ಆವಿ ಮೂಗಿಗೆ ತಾಗಬಾರದು, ಹನಿ ಕಣ್ಣಿಗೆ ಸಿಡಿಯಬಾರದು. ಸಿಡಿದರೆ ಧಾರಾಳವಾಗಿ ನೀರಿನಲ್ಲಿ ತೊಳೆಯುತ್ತಲೇ ವೈದ್ಯರ ಬಳಿಗೆ ಓಡಬೇಕು. ಅಪ್ಪನ ಹಳೆಯ ಕನ್ನಡಕ, ರಬ್ಬರಿನ ಕೈಚೀಲ, ಮೂಗಿಗೊಂದು ಪಂಚೆ ಕಟ್ಟಿಕೊಂಡ ನನ್ನನ್ನು ನೋಡಿ ಅಜ್ಜಿ ದೃಷ್ಟಿ ತೆಗೆಯಲು ಎದ್ದಳು. ತಿಳಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿದ ಕೊಬ್ಬರಿ ಎಣ್ಣೆಗೆ ಅದನ್ನು ಎಳೆಯಾಗಿ ಹೊಯ್ಯುತ್ತ ಮರದ ಕೋಲಿನಿಂದ ತಿರುವಿದೆ. ಎಷ್ಟು ತಿರುವಬೇಕೆಂಬುದನ್ನು ಪುಸ್ತಕ ಹೇಳಿರಲಿಲ್ಲ. ಅಮ್ಮ ಬಗ್ಗಿ ನೋಡಿ, "ಬೋಂಡದ ಹಿಟ್ಟಿನ ಹದಕ್ಕೆ ಬಂತು, ಸಾಕು" ಎಂದಳು. ಹದ ಸರಿಯಾಗಿತ್ತು. ಮಿಶ್ರಣವನ್ನು ಹಳೆಯ ಮರದ ಪೆಟ್ಟಿಗೆಗೆ ಸುರಿದು, ಮರುದಿನ ಕೊಯ್ದು, ಬಿಲ್ಲೆಗಳನ್ನು ಅಟ್ಟದ ಮೇಲೆ ಆರು ವಾರ ಗಾಳಿಗಿಟ್ಟೆವು.

ಜೂನ್ ಮುಗಿಯುವ ಹೊತ್ತಿಗೆ ಮೊದಲನೆಯ ಬಿಲ್ಲೆ ಕೆಳಗಿಳಿಯಿತು. ಕೊಳವೆಬಾವಿಯ ನೀರಿನಲ್ಲಿ ಉಜ್ಜಿದರೆ ನೊರೆಗೆ ಬದಲು ಒಡೆದ ಹಾಲಿನಂಥ ಗಸಿ ತೇಲಿತು. ನನ್ನ ಎದೆ ಧಸಕ್ಕೆಂದಿತು. ಆದರೆ ಅದು ಸಾಬೂನಿನ ತಪ್ಪಲ್ಲ. ನಮ್ಮ ಸೀಮೆಯ ಗಡಸು ನೀರಿನಲ್ಲಿರುವ ಸುಣ್ಣದಂಶ ಸಾಬೂನನ್ನು ಹಾಗೆ ಒಡೆಯುತ್ತದೆ. ಪೇಟೆಯ ಡಿಟರ್ಜೆಂಟು ಪುಡಿಗಳು ಬೇರೆ ಜಾತಿಯವು, ಅವು ಗಡಸು ನೀರಿಗೂ ಅಷ್ಟಾಗಿ ಅಂಜುವುದಿಲ್ಲ. ಆ ವೇಳೆಗೆ ಮಳೆ ಹಿಡಿದಿತ್ತು. ಸೂರಿನ ಕೆಳಗಿಟ್ಟ ಕೊಳಗದ ನೀರಿನಲ್ಲಿ ಅಮ್ಮ ಅಪ್ಪನ ಅಂಗಿಯನ್ನು ಉಜ್ಜಿದಳು. ನೊರೆ ಮೊಣಕೈವರೆಗೆ ಏರಿತು. ಅಂಗಿಯ ಕಾಲರು ಎಷ್ಟೋ ದಿನಗಳ ಮೇಲೆ ತನ್ನ ಬಣ್ಣ ಯಾವುದೆಂದು ತೋರಿಸಿತು. ಎಣ್ಣೆಯ ಕಲೆಯನ್ನು ಎಣ್ಣೆಯಿಂದಲೇ ಮಾಡಿದ ವಸ್ತು ತೆಗೆಯಿತಲ್ಲಾ ಎಂದು ನಾನು ಬೆರಗಾದರೆ, "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದಳು. ಆ ರಾತ್ರಿ ಅಪ್ಪ ಊಟಕ್ಕೆ ಕೂತಾಗ, "ನನ್ನ ಸಂಬಳ ಏನೂ ದಂಡ ಆಗ್ಲಿಲ್ಲ ಬಿಡು" ಎಂದರು. ನನಗೆ ಆ ಮಾತಿನ ಮುಂದೆ ಯಾವ ಬಹುಮಾನವೂ ಬೇಡವಾಯಿತು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವನಿಗೆ ನಿಲ್ಲುವುದು ಕಷ್ಟ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿ ಬೆರೆಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಮಾರಿ, ನಿರ್ಮಾ ಎಂಬ ಸಾಮ್ರಾಜ್ಯ ಕಟ್ಟಿದ ಕಥೆಯನ್ನು ನಾನು ಎಲ್ಲಿಯೋ ಓದಿದ್ದೆ. ನಮಗೂ ಹಿತ್ತಲಿದೆ, ಸೈಕಲ್ಲಿದೆ. ಇನ್ನೇನು ಬೇಕು? ಹೊಂಗೆ ಎಣ್ಣೆಯ ಡಬ್ಬವನ್ನು ತೆರೆದೆ. ಎರಡು ಕಿಲೋ ಎಣ್ಣೆ ತೂಗಿದೆ. ನೋಟುಪುಸ್ತಕ ನೋಡಿದೆ. ಕಿಲೋವಿಗೆ 175ರಂತೆ 350 ಗ್ರಾಂ ಸೋಡಾ. ಒಂದು ಗ್ರಾಮೂ ಹೆಚ್ಚುಕಡಿಮೆಯಾಗದಂತೆ ತೂಗಿದೆನೆಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಜೇನಿನ ಬಣ್ಣದ ಇಪ್ಪತ್ತು ಬಿಲ್ಲೆಗಳಾದವು. ಅವುಗಳ ಮೇಲೆ ಬೆಳ್ಳಗೆ ಪುಡಿ ಕೂರುತ್ತಿತ್ತು, ಬೂಷ್ಟಿರಬೇಕೆಂದು ಒರೆಸಿಬಿಟ್ಟೆ. ಆರು ವಾರ ಕಾಯುವ ತಾಳ್ಮೆಯೂ ಉಳಿದಿರಲಿಲ್ಲ. ಹತ್ತು ದಿನಕ್ಕೇ ಅಟ್ಟದಿಂದಿಳಿಸಿ, ಎರಡು ಬಿಲ್ಲೆ ಅಮ್ಮನಿಗೆ ಕೊಟ್ಟು, ಐದು ಬಿಲ್ಲೆಗಳನ್ನು ಬೀದಿಯ ಐದು ಮನೆಗಳಿಗೆ ಹಂಚಿದೆ. "ಹೊಂಗೆ ಎಣ್ಣೇದು, ಚರ್ಮಕ್ಕೂ ಒಳ್ಳೇದು" ಎಂದು ಕೇಳದವರಿಗೂ ಹೇಳಿ ಬಂದೆ. ಕಜ್ಜಿ ತುರಿಗಳಿಗೆ ಹೊಂಗೆ ಎಣ್ಣೆ ಹಚ್ಚುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಔಷಧ. ಅದರ ಕೀರ್ತಿಯನ್ನು ನನ್ನ ಸಾಬೂನಿಗೂ ಹಚ್ಚಿದೆ.

ಆಗಸ್ಟ್ ತಿಂಗಳ ಒಂದು ರಾತ್ರಿ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅಂದು ಮುದ್ದೆ ತಿರುವಿ ಕಟ್ಟಿದ್ದು ಅಜ್ಜಿ. ಮುಪ್ಪಿನ ಕೈ, ಮುದ್ದೆ ಒಂದೊಂದು ಒಂದೊಂದು ಆಕಾರದಲ್ಲಿತ್ತು. ನಾನು ಅದನ್ನು ಹಾಸ್ಯ ಮಾಡಿ ನಕ್ಕೆ. ಅಜ್ಜಿ ನಗಲಿಲ್ಲ. ಹಿಂದಿನ ದಿನವೂ ಮುದ್ದೆ ಕಟ್ಟಿದ್ದು ಅಜ್ಜಿಯೇ ಎಂದು ಆಗ ಹೊಳೆಯಿತು. ಅಮ್ಮ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆಗೆ ಸ್ವಲ್ಪ ತಿರುಗಿ ಕೂತಿದ್ದಳು. ಅವಳು ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಚಮಚದಲ್ಲಿ ಉಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೈಗೇನಾಯ್ತಮ್ಮ?" ಎಂದೆ.

"ಏನಿಲ್ಲ, ಮಳೆ ನೀರಲ್ಲಿ ನೆಂದು ಬಿರುಕು ಬಿಟ್ಟಿದೆ ಅಷ್ಟೆ."

ನಾನು ಎದ್ದು ಹೋಗಿ ಅವಳ ಕೈ ಹಿಡಿದು ತಿರುಗಿಸಿದೆ. ಅಂಗೈಯ ತೊಗಲು ಬಿಳಿಚಿ ಸುಲಿದಿತ್ತು. ಹೆಬ್ಬೆರಳ ಬುಡದಲ್ಲಿ ಕೆಂಪಗೆ ಒಡೆದಿತ್ತು. ಎರಡು ದಿನ ಅಪ್ಪನ ಅಂಗಿಗಳನ್ನು ನನ್ನ ಹೊಸ ಸಾಬೂನಿನಲ್ಲಿ ಒಗೆದಿದ್ದಳು. ಉರಿಯುತ್ತಿದ್ದರೂ ಹೇಳಿರಲಿಲ್ಲ. ಮಗ ಅಷ್ಟು ಹುರುಪಿನಿಂದ ಮಾಡಿದ್ದಾನೆ, ಸಪ್ಪೆ ಮುಖ ಮಾಡುತ್ತಾನೆ ಎಂದು ಸುಮ್ಮನಿದ್ದಳೆಂದು ಆಮೇಲೆ ಅಜ್ಜಿ ಹೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಾತಾಡಿದವಳು ಅಮ್ಮನೇ.

"ನನ್ನ ಕೈ ಇರಲಿ ಕಣೋ. ಯಾರ್ಯಾರ ಮನೆಗೆ ಕೊಟ್ಟಿದ್ದೀಯ? ಈಗಲೇ ಹೋಗಿ ಎಲ್ಲಾನೂ ಇಸ್ಕೊಂಡು ಬಾ. ಬೆಳಗ್ಗೆ ಅಂತ ಕೂರಬೇಡ."

ಕೊಟ್ಟದ್ದನ್ನು ಮರಳಿ ಕೇಳುವುದು ಎಷ್ಟು ಕಷ್ಟವೆಂಬುದನ್ನು ಆ ರಾತ್ರಿ ಕಲಿತೆ. ಮೊದಲನೆಯ ಮನೆಯವರು ನಕ್ಕರು. ಎರಡನೆಯವರು ಅದನ್ನು ಇನ್ನೂ ಮುಟ್ಟಿಯೇ ಇರಲಿಲ್ಲ. ಮೂರನೆಯ ಮನೆಯ ಅಕ್ಕ, "ನಾನೂ ಹೇಳೋಣ ಅಂತಿದ್ದೆ, ಕೈ ಉರೀತಿತ್ತು" ಎಂದು ಬೆರಳು ತೋರಿಸಿದರು. ನಾಲ್ಕನೆಯ ಮನೆಯವರು ಅದನ್ನು ದನದ ಕೊಟ್ಟಿಗೆ ತೊಳೆಯಲು ಇಟ್ಟುಕೊಂಡಿದ್ದರು. ಐದನೆಯದು ಬೀದಿಯ ಕೊನೆಯ ಮನೆ. ಆ ಮನೆಯ ಮುದುಕಿಗೆ ಎರಡು ವರ್ಷದ ಮೊಮ್ಮಗನಿದ್ದ. ಮಗುವಿನ ಕಾಲಿನ ತುಂಬ ಕಜ್ಜಿ.

"ವಾಪಸ್ಸು ಯಾಕಪ್ಪ? ಚರ್ಮಕ್ಕೆ ಒಳ್ಳೇದು ಅಂತ ನೀನೇ ಹೇಳಿದ್ಯಲ್ಲ. ನಾಳೆ ಮಗೀಗೆ ಎಣ್ಣೆನೀರು. ಅದಕ್ಕೇ ಅಂತ ಎತ್ತಿಟ್ಟಿದ್ದೀನಿ" ಎಂದು ಬಚ್ಚಲಮನೆಯ ಗೂಡನ್ನು ತೋರಿಸಿದಳು.

ನಾನು ಗೂಡಿಗೆ ಕೈಹಾಕಿ ಬಿಲ್ಲೆಯನ್ನು ತೆಗೆದುಕೊಂಡೆ. ಹೊರಗೆ ಬಂದ ಮೇಲೆ ಕಾಲು ನಡುಗಿ ಅವರ ಜಗಲಿಯ ಮೇಲೆಯೇ ಸ್ವಲ್ಪ ಹೊತ್ತು ಕೂತೆ. ಅಮ್ಮ "ಈಗಲೇ ಹೋಗು" ಎನ್ನದಿದ್ದರೆ? ಮಾರನೆಯ ಬೆಳಗಿನವರೆಗೆ ನನ್ನ ನಾಚಿಕೆಯನ್ನು ಕಾಪಾಡಿಕೊಂಡು ಮಲಗಿದ್ದರೆ? ಆ ಪ್ರಶ್ನೆ ಇಂದಿಗೂ ಒಮ್ಮೊಮ್ಮೆ ನಿದ್ದೆಯಲ್ಲಿ ಬಂದು ಎಬ್ಬಿಸುತ್ತದೆ.

ಬೆಳಗಾಗುತ್ತಲೇ ನಮ್ಮ ಬೀದಿಯಲ್ಲಿದ್ದ ನಿವೃತ್ತ ವಿಜ್ಞಾನದ ಮೇಷ್ಟ್ರ ಮನೆಗೆ ಎರಡು ಬಗೆಯ ಬಿಲ್ಲೆಗಳನ್ನೂ ನೋಟುಪುಸ್ತಕವನ್ನೂ ಹಿಡಿದುಕೊಂಡು ಹೋದೆ. ಅವರು ಬಯ್ಯಲಿಲ್ಲ. ಒಳಗಿನಿಂದ ಸಣ್ಣ ಶೀಷೆಯೊಂದನ್ನು ತಂದರು. ಫಿನಾಫ್ತಲೀನ್ ಎಂಬ ದ್ರವವಂತೆ. ಬಿಲ್ಲೆಗಳನ್ನು ಚಾಕುವಿನಿಂದ ಕೊಯ್ದು, ಕೊಯ್ದ ಮೈಯ ಮೇಲೆ ಒಂದೊಂದು ಹನಿ ಬಿಟ್ಟರು. ಕೊಬ್ಬರಿಯ ಸಾಬೂನಿನ ಮೇಲೆ ಬಣ್ಣ ಕಂಡೂ ಕಾಣದಂತಿತ್ತು. ಹೊಂಗೆಯ ಸಾಬೂನು ರಾಣಿ ಬಣ್ಣದ ಸೀರೆಯಂತೆ ಕೆಂಪೇರಿಬಿಟ್ಟಿತು. "ಅರಿಶಿನಕ್ಕೆ ಸುಣ್ಣ ತಾಗಿದ್ರೆ ಓಕುಳಿ ಕೆಂಪಾಗುತ್ತಲ್ಲ, ಇದೂ ಅದೇ ತರಹದ ಸಾಕ್ಷಿ. ಎಣ್ಣೆ ಸಿಗದೆ ಉಳಿದ ಕ್ಷಾರ ಒಳಗೇ ಕೂತಿದೆ. ನಿಮ್ಮಮ್ಮನ ಕೈಯ ಎಣ್ಣೆಯನ್ನೇ ಅದು ಹುಡುಕಿಕೊಂಡು ಹೋಗಿದೆ" ಎಂದರು. ಬಿಲ್ಲೆಯ ಮೇಲೆ ಕೂತಿದ್ದ ಬಿಳಿಯ ಪುಡಿ ಬೂಷ್ಟಲ್ಲವಂತೆ. ಉಳಿದ ಕ್ಷಾರ ಗಾಳಿ ತಾಗಿ ಸೋಡಾಪುಡಿಯಾಗಿ ಮೇಲೆ ಬಂದದ್ದಂತೆ.

ಆಮೇಲೆ ನನ್ನ ನೋಟುಪುಸ್ತಕವನ್ನು ಬಿಡಿಸಿ, "1 ಕಿಲೋ ಎಣ್ಣೆ, 175 ಗ್ರಾಂ" ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:

"ಯಾವ ಎಣ್ಣೆಗೆ?"

ನನ್ನ ಬಳಿ ಉತ್ತರವಿರಲಿಲ್ಲ.

ಒಂದೊಂದು ಎಣ್ಣೆಗೆ ಒಂದೊಂದು ಅಳತೆ ಎಂದು ಅವರು ಬಿಡಿಸಿ ಹೇಳಿದರು. ಒಂದು ಕಿಲೋ ಕೊಬ್ಬರಿ ಎಣ್ಣೆಯನ್ನು ಪೂರ್ತಿಯಾಗಿ ಸಾಬೂನು ಮಾಡಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 175 ಹಾಕಿದರೆ ಸ್ವಲ್ಪ ಎಣ್ಣೆ ಉಳಿದು ಕೈಗೆ ಮೃದುವಾಗುತ್ತದೆ. ಹೊಂಗೆ ಎಣ್ಣೆ ಹಾಗಲ್ಲ. ಅದಕ್ಕೆ ಕಿಲೋವಿಗೆ ಸುಮಾರು 135 ಗ್ರಾಮೇ ಸಾಕು. ಎರಡು ಕಿಲೋವಿಗೆ 270 ಸಾಕಾಗಿದ್ದಲ್ಲಿ ನಾನು 350 ಹಾಕಿದ್ದೆ. ಎಂಬತ್ತು ಗ್ರಾಂ ಕ್ಷಾರ, ಇಪ್ಪತ್ತು ಬಿಲ್ಲೆಗಳಲ್ಲಿ ಹಂಚಿಹೋಗಿ, ಐದು ಮನೆಗಳಿಗೂ ಒಂದು ಮಗುವಿನ ಬಚ್ಚಲಮನೆಗೂ ತಲುಪಿತ್ತು. "ಆರು ವಾರ ಕಾದಿದ್ದರೆ?" ಎಂದು ಕೇಳಿದೆ. "ಮೇಲಿನದು ಸ್ವಲ್ಪ ಸೌಮ್ಯವಾಗ್ತಿತ್ತು, ಒಳಗಿನದು ಒಳಗೇ ಇರ್ತಿತ್ತು. ಅಳತೆ ತಪ್ಪಿದ್ದನ್ನ ಕಾಲ ಸರಿ ಮಾಡೋದಿಲ್ಲಪ್ಪ" ಎಂದರು. ನಿರ್ಮಾದ ಕಥೆಯನ್ನು ನಾನು ಎತ್ತಿದಾಗ ಮೇಷ್ಟ್ರಿಗೆ ನಗು ಬಂತು. "ಆ ಪಟೇಲರು ರಸಾಯನಶಾಸ್ತ್ರ ಓದಿದ ಪದವೀಧರರು ಕಣಯ್ಯ. ಸೈಕಲ್ಲು ಆಮೇಲೆ ಬಂದದ್ದು. ನಮ್ಮ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರೂ ವಿಶ್ವೇಶ್ವರಯ್ಯನವರೂ 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಮಾಡಿದಾಗ, ಎಸ್. ಜಿ. ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿ ಕಲಿಸಿದರು. ಇಷ್ಟು ಸಣ್ಣ ಬಿಲ್ಲೆಗೆ ಅಷ್ಟು ವಿದ್ಯೆ ಬೇಕು" ಎಂದರು. ನನ್ನ ಬಳಿ ಇದ್ದುದು ಒಂದು ಶಬ್ದ ಬಿಟ್ಟುಹೋದ ಒಂದು ಸಾಲು.

ಆದರೂ ಕೆಟ್ಟದ್ದನ್ನು ಎಸೆಯಬೇಕಾಗಿಲ್ಲವೆಂದು ಅವರೇ ದಾರಿ ತೋರಿಸಿದರು. ಉಳಿದ ಕ್ಷಾರಕ್ಕೆ ಬೇಕಾದಷ್ಟು ಎಣ್ಣೆ ಕೊಟ್ಟರೆ ಅದು ತಣ್ಣಗಾಗುತ್ತದೆ. ಎಂಬತ್ತು ಗ್ರಾಮಿಗೆ ಕೊಬ್ಬರಿ ಎಣ್ಣೆ ಎಷ್ಟು ಎಂದು ನನ್ನಿಂದಲೇ ಲೆಕ್ಕ ಮಾಡಿಸಿದರು: ಸುಮಾರು 437 ಗ್ರಾಂ. ಕೈಗೆ ನಯವಿರಲೆಂದು ಅರ್ಧ ಕಿಲೋ ಮಾಡಿದೆವು. ಎಲ್ಲ ಬಿಲ್ಲೆಗಳನ್ನೂ, ಐದು ಮನೆಗಳಿಂದ ತಂದ ತುಂಡುಗಳನ್ನೂ ತುರಿದು, ಸ್ವಲ್ಪ ನೀರು ಸೇರಿಸಿ ಸ್ಟೀಲಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಎಣ್ಣೆ ಬೆರೆಸಿ, ಮೂರು ಗಂಟೆ ಹೊತ್ತು ತಿರುವಿದೆ. ಅಮ್ಮನನ್ನು ಹತ್ತಿರಕ್ಕೆ ಬರಗೊಡಲಿಲ್ಲ. ಬಾಗಿಲಲ್ಲಿ ಕೂತು ಹದ ಹೇಳುವುದಷ್ಟೇ ಅವಳ ಕೆಲಸ. ಆ ಬಿಲ್ಲೆಗಳು ಆರು ವಾರ ಅಟ್ಟದ ಮೇಲೆ ಕೂತವು. ಮೇಷ್ಟ್ರು ಮತ್ತೆ ಹನಿ ಬಿಟ್ಟು ನೋಡಿ ತಲೆಯಾಡಿಸಿದ ಮೇಲೆ, ಮೊದಲ ಬಟ್ಟೆಯನ್ನು ನನ್ನ ಕೈಯಿಂದಲೇ ಒಗೆದೆ. ಒಂದು ವಾರ ಅಪ್ಪನ ಅಂಗಿಗಳನ್ನೆಲ್ಲ ನಾನೇ ಒಗೆದೆ. ಸಾಬೂನನ್ನು ಪರೀಕ್ಷಿಸುತ್ತಿದ್ದೇನೆಂದು ಹೇಳಿಕೊಂಡೆ. ಒಗೆಯುವ ಕಲ್ಲಿನ ಮುಂದೆ ಬಗ್ಗಿ ನಿಂತಾಗ ಸೊಂಟ ಹೇಗೆ ನೋಯುತ್ತದೆ, ನೆನೆದ ಅಂಗಿ ಎಷ್ಟು ಭಾರ ತೂಗುತ್ತದೆ ಎಂಬುದೂ ಆ ವಾರದಲ್ಲಿ ಪರೀಕ್ಷೆಯಾಯಿತು. ಬಟ್ಟೆ ಒಗೆಯುವ ಕಾಯಕ ಮಾಡುತ್ತಲೇ ಮಡಿವಾಳ ಮಾಚಿದೇವರು ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ನಿಂತರೆಂದು ಪಾಠದಲ್ಲಿ ಓದಿ ಅಂಕ ಪಡೆದಿದ್ದೆ. ಅದು ಎಂಥ ಕಾಯಕವೆಂಬುದು ತಿಳಿದದ್ದು ಆ ಕಲ್ಲಿನ ಬಳಿ.

ಅಮ್ಮನ ಕೈ ವಾಸಿಯಾಯಿತು. ಹೆಬ್ಬೆರಳ ಬುಡದಲ್ಲಿ ಒಂದು ಗೆರೆ ಮಾತ್ರ ಉಳಿದಿದೆ. ಅಪ್ಪನ ಗಿರಣಿ ಮತ್ತೆ ಆರಂಭವಾಗಿ ಸಂಬಳ ಹಣದ ರೂಪದಲ್ಲೇ ಬರತೊಡಗಿತು. ಆದರೂ ವರ್ಷಕ್ಕೆರಡು ಸಲ ನಮ್ಮ ಹಿತ್ತಲಲ್ಲಿ ಸಾಬೂನು ಆಗುತ್ತದೆ. ನೋಟುಪುಸ್ತಕದ ಆ ಸಾಲಿನಲ್ಲಿ ಬಿಟ್ಟುಹೋಗಿದ್ದ ಶಬ್ದವನ್ನು ಕೆಂಪು ಶಾಯಿಯಲ್ಲಿ ಸೇರಿಸಿದ್ದೇನೆ. ಅಮ್ಮ ಈಗ ತಕ್ಕಡಿ ಮುಟ್ಟುವ ಮೊದಲು ಡಬ್ಬದ ಮುಚ್ಚಳ ತೆಗೆದು ಮೂಸಿ, ನನ್ನ ಮುಖ ನೋಡಿ, "ಯಾವ ಎಣ್ಣೆಯೋ ಇದು?" ಎಂದು ಕೇಳುತ್ತಾಳೆ. ಅವಳು ಕೇಳುವುದು ತಮಾಷೆಗೆ. ನಾನು ಉತ್ತರಿಸುವುದು ತಮಾಷೆಗಲ್ಲ.

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಕಾಲೇಜಿನಲ್ಲಿ ಕಾಸ್ಟಿಕ್ ಸೋಡಾದ ಗೊಡವೆಯಿಲ್ಲ. ಆದರೂ ಮೇಷ್ಟ್ರ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪರೀಕ್ಷೆಗೆ ಮುಂಚೆ ಮಿತ್ರನೊಬ್ಬ ತನ್ನ ಟಿಪ್ಪಣಿಯನ್ನು ಕೊಟ್ಟು, "ಇದನ್ನೇ ಉರುಹೊಡಿ, ನಾನು ಪಾಸಾಗಿದ್ದು ಇದರಲ್ಲೇ" ಎಂದಾಗ, ಹಿರಿಯರೊಬ್ಬರು ಎಲ್ಲ ಹುಡುಗರಿಗೂ ಒಂದೇ ಬುದ್ಧಿಮಾತನ್ನು ತೂಗಿ ಕೊಟ್ಟಾಗ, ನಾನೇ ಯಾರಿಗಾದರೂ ತಿಳಿದವನಂತೆ ಉಪದೇಶಕ್ಕೆ ತೊಡಗಿದಾಗ, ಅದು ಕಿವಿಯಲ್ಲಿ ಕೇಳಿಸುತ್ತದೆ. ಬಾಯಿ ಮುಚ್ಚಿಕೊಳ್ಳುತ್ತೇನೆ. ಆದುದರಿಂದ ಈ ಲೇಖನದಿಂದ ಯಾವ ನೀತಿಯನ್ನೂ ತೆಗೆದು ಮಿತ್ರರ ಕೈಗೆ ಕೊಡಲು ನನಗೆ ಧೈರ್ಯವಿಲ್ಲ. ಒಮ್ಮೆ ಹಂಚಿ, ಮನೆಮನೆಗೆ ಹೋಗಿ ಮರಳಿ ಕೇಳಿದ ಅನುಭವ ಸಾಕು.

ಸೋಮವಾರ ಬೆಳಗ್ಗೆ ನಾನು ಕಾಲೇಜಿಗೆ ಹಾಕಿಕೊಂಡು ಬರುವ ಬಿಳಿಯ ಅಂಗಿ ಮಾತ್ರ ಆ ಸಾಬೂನಿನಲ್ಲೇ ಒಗೆದದ್ದು. ಹತ್ತಿರ ಕೂತವರಿಗೆ ಹೊಂಗೆಯ ವಾಸನೆ ಸ್ವಲ್ಪ ಬರಬಹುದು, ಸಹಿಸಿಕೊಳ್ಳಬೇಕೆಂದು ಪ್ರಾರ್ಥನೆ.